ಕ್ಲಾಸಿಕ್ ಕೂಪೆ ಕಾರುಗಳ ಖರೀದಿ ಮತ್ತು ಒಡೆತನ

ಕ್ಲಾಸಿಕ್ ಕೂಪೆ ಎಂಬುದು ಎರಡು ಬಾಗಿಲು, ಸ್ಥಿರವಾದ ಚಾವಣಿ ಮತ್ತು ಚಾಲನೆಯ ಸುಖಕ್ಕೆ ಒತ್ತು ಕೊಡುವ ವಿನ್ಯಾಸವಿರುವ, ತಯಾರಿಕೆ ನಿಂತು ಹಲವು ದಶಕಗಳು ಕಳೆದಿರುವ ಕಾರು. ಇಂತಹ ಕಾರನ್ನು ಕೊಳ್ಳುವುದು ಮತ್ತು ಇಟ್ಟುಕೊಳ್ಳುವುದು ಹೊಸ ಕಾರಿನ ಖರೀದಿಗಿಂತ ಭಿನ್ನವಾದ ವ್ಯವಹಾರ. ಹೊಸ ಕಾರಿನಲ್ಲಿ ಎಂಜಿನ್ನಿನ ಶಕ್ತಿ, ಮೈಲೇಜು, ಸೌಕರ್ಯಗಳು ಮುಖ್ಯವಾದರೆ ಹಳೆಯ ಕಾರಿನಲ್ಲಿ ಲೋಹದ ಒಡಲು ಮತ್ತು ದಾಖಲೆಪತ್ರಗಳು ಮುಖ್ಯವಾಗುತ್ತವೆ. ಸವೆದ ಎಂಜಿನ್ನನ್ನು ಮತ್ತೆ ಕಟ್ಟಬಹುದು. ಆದರೆ ತುಕ್ಕು ತಿಂದ ಚಾಸಿಯನ್ನು ಸರಿಪಡಿಸಲು ಕಾರಿನ ಬೆಲೆಗಿಂತ ಹೆಚ್ಚು ಖರ್ಚಾಗಬಹುದು. ಕಳೆದುಹೋದ ನೋಂದಣಿ ದಾಖಲೆ ಎಷ್ಟು ಹಣ ಕೊಟ್ಟರೂ ಮರಳಿ ದೊರೆಯದೆ ಇರಬಹುದು.

ಈ ಲೇಖನವು ಭಾರತದಲ್ಲಿ ಇಂತಹ ಕಾರುಗಳ ಹಿನ್ನೆಲೆ, ಅವುಗಳಿಗೆ ಅನ್ವಯಿಸುವ ಕಾನೂನು, ಖರೀದಿಗೆ ಮುನ್ನ ಮಾಡಬೇಕಾದ ಪರೀಕ್ಷೆ ಮತ್ತು ನಿರ್ವಹಣೆಯ ಕ್ರಮವನ್ನು ವಿವರಿಸುತ್ತದೆ. ಒಣ ಹವೆಯ ಪ್ರದೇಶದಲ್ಲಿ ಇವುಗಳ ಪಾಲನೆ ಹೇಗೆಂಬುದಕ್ಕೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಪದದ ಅರ್ಥ ಮತ್ತು ವ್ಯಾಪ್ತಿ

‘ಕೂಪೆ’ ಫ್ರೆಂಚ್ ಮೂಲದ ಪದ. ‘ಕತ್ತರಿಸಿದ್ದು’ ಎಂಬುದು ಅದರ ಅರ್ಥ. ಎದುರುಬದುರು ಆಸನಗಳಿದ್ದ ದೊಡ್ಡ ಕುದುರೆ ಸಾರೋಟಿನ ಒಂದು ಸಾಲನ್ನು ತೆಗೆದು ಮೊಟಕುಗೊಳಿಸಿದ ಗಾಡಿಗೆ ಮೊದಲು ಈ ಹೆಸರು ಬಂದಿತು. ಮೋಟಾರು ಯುಗದಲ್ಲಿ ಅದೇ ಹೆಸರು ಎರಡು ಬಾಗಿಲಿನ ಮುಚ್ಚಿದ ಕಾರಿಗೆ ವರ್ಗಾವಣೆಯಾಯಿತು. ಮೇಲ್ಚಾವಣಿಯಿಲ್ಲದ ಅಥವಾ ಬಟ್ಟೆಯ ಮೇಲ್ಚಾವಣಿಯಿರುವ ಎರಡು ಆಸನದ ಕಾರನ್ನು ರೋಡ್‌ಸ್ಟರ್ ಎಂದು ಕರೆಯುವುದು ವಾಡಿಕೆ.

‘ವಿಂಟೇಜ್’ ಮತ್ತು ‘ಕ್ಲಾಸಿಕ್’ ಪದಗಳನ್ನು ಮಾತಿನಲ್ಲಿ ಬೆರೆಸಿ ಬಳಸಲಾಗುತ್ತದೆ. ಯುರೋಪಿನ ಬಳಕೆಯಲ್ಲಿ ವಿಂಟೇಜ್ ಎಂದರೆ ಸ್ಥೂಲವಾಗಿ 1919ರಿಂದ 1930ರವರೆಗಿನ ಕಾರು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಕನಿಷ್ಠ 30 ವರ್ಷ ಹಳೆಯದಾದ, ಐತಿಹಾಸಿಕವಾಗಿ ಸರಿಯಾದ ಸ್ಥಿತಿಯಲ್ಲಿ ಉಳಿಸಿಕೊಂಡ, ದಿನಬಳಕೆಯಲ್ಲಿಲ್ಲದ ವಾಹನವನ್ನು ಐತಿಹಾಸಿಕ ವಾಹನವೆಂದು ಪರಿಗಣಿಸುತ್ತದೆ. ಭಾರತದ ಕಾನೂನಿನಲ್ಲಿ ಮಾತ್ರ ವಿಂಟೇಜ್ ಎನಿಸಿಕೊಳ್ಳಲು ಮೊದಲ ನೋಂದಣಿಯಿಂದ 50 ವರ್ಷ ಕಳೆದಿರಬೇಕು. ಈ 30 ಮತ್ತು 50ರ ನಡುವಿನ ಅಂತರ ಇಲ್ಲಿನ ಒಡೆಯರಿಗೆ ದೊಡ್ಡ ತೊಡಕಾಗಿದೆ. ಕಾರಣವನ್ನು ‘ಕಾನೂನು’ ವಿಭಾಗದಲ್ಲಿ ವಿವರಿಸಲಾಗಿದೆ.

ಭಾರತದಲ್ಲಿ ಹಿನ್ನೆಲೆ

ಸ್ವಾತಂತ್ರ್ಯಾನಂತರ ಭಾರತ ಸರ್ಕಾರ ದೇಶೀಯ ಮೋಟಾರು ಉದ್ಯಮವನ್ನು ಬೆಳೆಸುವ ಸಲುವಾಗಿ ಆಮದಿನ ಮೇಲೆ ಕಟ್ಟುನಿಟ್ಟಾದ ನಿರ್ಬಂಧ ಹೇರಿತು. 1953ರ ಸುಂಕ ಆಯೋಗದ ಶಿಫಾರಸಿನ ನಂತರ, ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದೆ ಬಿಡಿಭಾಗಗಳನ್ನು ತಂದು ಜೋಡಿಸುತ್ತಿದ್ದ ವಿದೇಶಿ ಕಂಪನಿಗಳು ಹೊರನಡೆದವು. ಉಳಿದ ಹಿಂದೂಸ್ಥಾನ್ ಮೋಟಾರ್ಸ್, ಪ್ರೀಮಿಯರ್ ಆಟೊಮೊಬೈಲ್ಸ್ ಮತ್ತು ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಎಂಬ ಮೂರು ಕಂಪನಿಗಳು ಮುಂದಿನ ಮೂರು ದಶಕಗಳ ಕಾಲ ಪ್ರಯಾಣಿಕ ಕಾರುಗಳ ಮಾರುಕಟ್ಟೆಯನ್ನು ಹಂಚಿಕೊಂಡವು. ಅಂಬಾಸಿಡರ್ ಮತ್ತು ಫಿಯಟ್ ಎರಡೂ ನಾಲ್ಕು ಬಾಗಿಲಿನ ಕುಟುಂಬದ ಕಾರುಗಳು. ಕ್ರೀಡಾ ಕೂಪೆ ಎಂಬ ವರ್ಗಕ್ಕೆ ಪರವಾನಗಿ ವ್ಯವಸ್ಥೆಯಲ್ಲಿ ಜಾಗವಿರಲಿಲ್ಲ.

ಆದ್ದರಿಂದ ಭಾರತದಲ್ಲಿರುವ ಹಳೆಯ ಕೂಪೆಗಳು ಕೆಲವೇ ದಾರಿಗಳಿಂದ ಬಂದವು. ರಾಜಮನೆತನಗಳು ಮತ್ತು ಶ್ರೀಮಂತ ಕುಟುಂಬಗಳು ಹಿಂದೆಯೇ ತರಿಸಿಕೊಂಡವು ಕೆಲವು. ವಿದೇಶದಲ್ಲಿ ದುಡಿದು ಮರಳಿದವರು ತಂದವು ಕೆಲವು. ರಾಯಭಾರ ಕಚೇರಿಗಳ ಸಿಬ್ಬಂದಿ ಬಿಟ್ಟುಹೋಗಿ, ಬಳಿಕ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಮಾರಾಟವಾದವು ಇನ್ನು ಕೆಲವು. ಒಂದೊಂದು ಕಾರಿನ ಹಿಂದೆಯೂ ಹೀಗೆ ಒಂದು ದಾಖಲೆಯ ಸರಪಳಿ ಇರುತ್ತದೆ. ಆ ಸರಪಳಿಯ ಕೊಂಡಿಗಳು ಉಳಿದಿವೆಯೇ ಎಂಬುದೇ ಇಂದಿನ ಖರೀದಿದಾರನ ಮೊದಲ ಪ್ರಶ್ನೆಯಾಗಬೇಕು.

ದೊರೆಯುವ ಮಾದರಿಗಳು

ಸ್ಟ್ಯಾಂಡರ್ಡ್ ಹೆರಾಲ್ಡ್

ಕ್ರೀಡಾ ಕೂಪೆಯ ವಂಶಕ್ಕೆ ಅತಿ ಹತ್ತಿರವಿದ್ದ, ಭಾರತದಲ್ಲಿಯೇ ತಯಾರಾದ ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್. ಇಟಲಿಯ ವಿನ್ಯಾಸಕಾರ ಜಿಯೊವಾನಿ ಮಿಕೆಲೋಟಿ ರೂಪಿಸಿದ ಟ್ರಯಂಫ್ ಹೆರಾಲ್ಡ್ 1959ರಲ್ಲಿ ಇಂಗ್ಲೆಂಡಿನಲ್ಲಿ ಕೂಪೆ ಮತ್ತು ಸಲೂನ್ ರೂಪಗಳಲ್ಲಿ ಬಿಡುಗಡೆಯಾಯಿತು. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಅದನ್ನು 1961ರಿಂದ ತನ್ನ ಹೆಸರಿನಲ್ಲಿ ತಯಾರಿಸತೊಡಗಿತು. ಆರಂಭದ ಭಾರತೀಯ ಹೆರಾಲ್ಡ್‌ಗಳಿಗೆ ಎರಡೇ ಬಾಗಿಲು. 1960ರ ದಶಕದ ಕೊನೆಗೆ ನಾಲ್ಕು ಬಾಗಿಲಿನ ಮಾರ್ಕ್ 3 ಬಂದಿತು. 1972ರಲ್ಲಿ ಅದರ ಸ್ಥಾನವನ್ನು ಗೆಜೆಲ್ ಪಡೆಯಿತು.

ಹೆರಾಲ್ಡ್‌ನ 948 ಸಿಸಿ ಎಂಜಿನ್ ಬಲಶಾಲಿಯಲ್ಲ. ಆದರೆ ಪ್ರತ್ಯೇಕ ಚಾಸಿ, ಮುಂದಕ್ಕೆ ಪೂರ್ತಿ ತೆರೆದುಕೊಳ್ಳುವ ಬಾನೆಟ್ ಮತ್ತು 25 ಅಡಿ ವ್ಯಾಸದಲ್ಲಿ ತಿರುಗಬಲ್ಲ ಮುಂಚಕ್ರಗಳು ಅದರ ವೈಶಿಷ್ಟ್ಯ. ಇದೇ ಚಾಸಿಯ ತತ್ತ್ವದ ಮೇಲೆ ಟ್ರಯಂಫ್ ಸ್ಪಿಟ್‌ಫೈರ್ ಎಂಬ ತೆರೆದ ಕಾರು ಮತ್ತು 1966ರಿಂದ 1973ರವರೆಗೆ ಜಿಟಿ6 ಎಂಬ ಆರು ಸಿಲಿಂಡರಿನ ಕೂಪೆ ತಯಾರಾದವು. ಇಂಗ್ಲೆಂಡಿನಲ್ಲಿ ಈ ಕಾರುಗಳಿಗೆ ಇಂದಿಗೂ ಅಭಿಮಾನಿಗಳಿದ್ದಾರೆ. ಹಾಗಾಗಿ ಹೆರಾಲ್ಡ್‌ನ ಮುಂಭಾಗದ ಸಸ್ಪೆನ್ಷನ್, ಬ್ರೇಕು ಮೊದಲಾದ ಹಲವು ಬಿಡಿಭಾಗಗಳು ಹೊಸದಾಗಿಯೇ ತಯಾರಾಗುತ್ತಿವೆ. ತಯಾರಕ ಕಂಪನಿ ಮುಚ್ಚಿದ್ದರೂ ಕಾರು ಉಳಿಯಲು ಇದೊಂದು ಕಾರಣ.

ಸಿಪಾನಿ ಡಾಲ್ಫಿನ್

ಕರ್ನಾಟಕದಲ್ಲಿಯೇ ಹುಟ್ಟಿದ ಎರಡು ಬಾಗಿಲಿನ ಕಾರು ಸಿಪಾನಿ ಡಾಲ್ಫಿನ್. ಮೂರು ಚಕ್ರದ ‘ಬಾದಲ್’ ವಾಹನವನ್ನು ತಯಾರಿಸಿದ್ದ ಬೆಂಗಳೂರಿನ ಸಂಸ್ಥೆಯೇ 1980ರ ದಶಕದ ಆರಂಭದಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯನ್ನು ಆಧರಿಸಿ ಇದನ್ನು ಹೊರತಂದಿತು. ನಾರುಗಾಜಿನ ಒಡಲು, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್ ಮತ್ತು ಹಿಂಚಕ್ರ ಚಾಲನೆ ಇದರ ಲಕ್ಷಣಗಳು. ಹಗುರವಾಗಿದ್ದ ಕಾರಣ ಇದು ಆ ಕಾಲದ ಮೋಟಾರು ಸ್ಪರ್ಧೆಗಳಲ್ಲಿ ಕಾಣಿಸಿಕೊಂಡಿತು. ಮಾರುತಿ 800ರ ಎದುರು ಮಾರಾಟದಲ್ಲಿ ನಿಲ್ಲಲಾಗಲಿಲ್ಲ. ಇದು ಕಟ್ಟುನಿಟ್ಟಾದ ಅರ್ಥದಲ್ಲಿ ಕೂಪೆಯಲ್ಲದಿದ್ದರೂ, ಎರಡು ಬಾಗಿಲಿನ ಹಗುರ ಕಾರನ್ನು ಬಯಸುವ ಸಂಗ್ರಾಹಕರ ಗಮನ ಸೆಳೆಯುತ್ತದೆ.

ನಾರುಗಾಜಿಗೆ ತುಕ್ಕಿಲ್ಲ. ಆದರೆ ಅದರೊಳಗಿನ ಚಾಸಿ ಉಕ್ಕಿನದು. ಹೊರಮೈ ಹೊಳೆಯುತ್ತಿದ್ದರೂ ಚಾಸಿ ಸವೆದಿರುವ ಸಾಧ್ಯತೆ ಇದ್ದೇ ಇರುತ್ತದೆ.

ಆಮದಾದ ಕೂಪೆಗಳು

1965ರಿಂದ 1980ರವರೆಗೆ ತಯಾರಾದ ಎಂಜಿಬಿ ಜಿಟಿ ಈ ಗುಂಪಿನ ಪರಿಚಿತ ಉದಾಹರಣೆ. ಅದರ ಮೇಲ್ಚಾವಣಿಯ ರೂಪ ಇಟಲಿಯ ಪಿನಿನ್‌ಫರೀನಾ ಸಂಸ್ಥೆಯ ಕೊಡುಗೆ. ಇಂತಹ ಕಾರುಗಳಿಗೆ ಪ್ರತ್ಯೇಕ ಚಾಸಿ ಇರುವುದಿಲ್ಲ. ಒಡಲೇ ಭಾರ ಹೊರುತ್ತದೆ. ಬಾಗಿಲಿನ ಕೆಳಗಿನ ಪೆಟ್ಟಿಗೆಯಾಕಾರದ ಉಕ್ಕಿನ ಪಟ್ಟಿ ಕೊಳೆತರೆ ಕಾರಿನ ಬೆನ್ನೆಲುಬೇ ಕೊಳೆತಂತೆ. ಎಡಗಡೆ ಸ್ಟೀರಿಂಗ್ ಇರುವ ಆಮದು ಕಾರನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸಬೇಕಾದರೆ, ಯಾಂತ್ರಿಕ ಅಥವಾ ವಿದ್ಯುತ್ ಸೂಚಕ ಸಾಧನ ಸುಸ್ಥಿತಿಯಲ್ಲಿರಬೇಕೆಂದು ಮೋಟಾರು ವಾಹನ ಕಾಯ್ದೆಯ 120ನೇ ಕಲಂ ಹೇಳುತ್ತದೆ.

ಕಾನೂನು

ಹದಿನೈದು ವರ್ಷದ ನಂತರ

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷ ಚಾಲ್ತಿಯಲ್ಲಿರುತ್ತದೆ. ಬಳಿಕ ವಾಹನವನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಪರೀಕ್ಷೆಗೆ ಒಡ್ಡಿ, ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ಐದೈದು ವರ್ಷಗಳಿಗೆ ನವೀಕರಿಸಬೇಕು. ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳು ಕೆಎ-16 ಸಂಕೇತದ ಚಿತ್ರದುರ್ಗ ಕಚೇರಿಯ ವ್ಯಾಪ್ತಿಗೆ ಬರುತ್ತವೆ.

ಕಾರಿನ ನವೀಕರಣ ಶುಲ್ಕ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ರೂಪಾಯಿ ಆಯಿತು. 2025ರ ಆಗಸ್ಟ್ ತಿದ್ದುಪಡಿಯಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ರೂಪಾಯಿ ನಿಗದಿಯಾಯಿತು. ಇದಲ್ಲದೆ ರಾಜ್ಯದ ಹಸಿರು ತೆರಿಗೆ ಮತ್ತು ತಡವಾದರೆ ದಂಡಶುಲ್ಕ ಇರುತ್ತವೆ. ದರಗಳು ಮೇಲಿಂದ ಮೇಲೆ ಬದಲಾಗುವುದರಿಂದ ಅರ್ಜಿ ಹಾಕುವ ದಿನದ ದರವನ್ನೇ ನೋಡಿಕೊಳ್ಳಬೇಕು.

ಐವತ್ತು ವರ್ಷದ ನಂತರ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ಹೊರಡಿಸಿತು. ಅದರ ಮುಖ್ಯಾಂಶಗಳು ಹೀಗಿವೆ:

- ಮೊದಲ ನೋಂದಣಿಯಿಂದ 50 ವರ್ಷ ಕಳೆದಿರುವ ದ್ವಿಚಕ್ರ ವಾಹನಗಳು ಮತ್ತು ಪ್ರಯಾಣಿಕ ಕಾರುಗಳಿಗೆ ಇದು ಅನ್ವಯ.
- ಚಾಸಿ, ಒಡಲು ಮತ್ತು ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು.
- ಮೊದಲ ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮರುನೋಂದಣಿ ಶುಲ್ಕ 5,000 ರೂಪಾಯಿ.
- ಹೊಸದಾಗಿ ನೋಂದಣಿಯಾದರೆ ರಾಜ್ಯ ಸಂಕೇತದ ಮುಂದೆ ‘ವಿಎ’ ಅಕ್ಷರಗಳಿರುವ ಸಂಖ್ಯೆ ದೊರೆಯುತ್ತದೆ. ಈಗಾಗಲೇ ನೋಂದಣಿ ಇದ್ದರೆ ಮೂಲ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು.
- ವಾಹನವನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು ಮತ್ತು ದುರಸ್ತಿ ಇಂತಹ ಉದ್ದೇಶಗಳಿಗೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಅಥವಾ ವಾಣಿಜ್ಯ ಬಳಕೆಗೆ ಅವಕಾಶವಿಲ್ಲ.

ಒಂದು ಸರಳ ಲೆಕ್ಕ ಇಲ್ಲಿ ಉಪಯುಕ್ತ. ಸಾಮಾನ್ಯ ನೋಂದಣಿಯಲ್ಲಿ ಉಳಿದರೆ, 10,000 ರೂಪಾಯಿಯ ದರದಲ್ಲಿ 20 ವರ್ಷಕ್ಕೆ ನಾಲ್ಕು ನವೀಕರಣಗಳಾಗಿ 40,000 ರೂಪಾಯಿ ಆಗುತ್ತದೆ. ವಿಂಟೇಜ್ ನೋಂದಣಿಯಲ್ಲಿ ಅದೇ ಅವಧಿಗೆ ಅದಕ್ಕಿಂತ ಕಡಿಮೆ ಹಣ ಸಾಕು. ಆದರೆ ಮೊದಲನೆಯದರಲ್ಲಿ ಮದುವೆಗೋ ಪೇಟೆಗೋ ಕಾರನ್ನು ಒಯ್ಯುವ ಸ್ವಾತಂತ್ರ್ಯವಿರುತ್ತದೆ, ಎರಡನೆಯದರಲ್ಲಿ ಇರುವುದಿಲ್ಲ. ಹಣ ಉಳಿಸುವುದೋ ಓಡಿಸುವ ಸ್ವಾತಂತ್ರ್ಯ ಉಳಿಸಿಕೊಳ್ಳುವುದೋ ಎಂಬುದನ್ನು ಒಡೆಯ ಮೊದಲೇ ತೀರ್ಮಾನಿಸಬೇಕು.

ನಡುವಿನ ಕಂದರ

1980ರ ದಶಕದ ಕಾರು ಲೋಕದ ದೃಷ್ಟಿಯಲ್ಲಿ ಕ್ಲಾಸಿಕ್. ಆದರೆ ಭಾರತದ ಕಾನೂನಿನ ಕಣ್ಣಿಗೆ ಅದು ಕೇವಲ ಹಳೆಯ ವಾಹನ. ಅದಕ್ಕೆ ವಿಂಟೇಜ್ ರಕ್ಷಣೆಯಿಲ್ಲ, ಪರೀಕ್ಷೆಯಲ್ಲಿ ವಿನಾಯಿತಿಯಿಲ್ಲ. 2021ರ ನಂತರ ಜಾರಿಗೆ ಬಂದ ಗುಜರಿ ನೀತಿ ಹಳೆಯ ವಾಹನಗಳನ್ನು ಕಳಚಲು ಪ್ರೋತ್ಸಾಹ ನೀಡುತ್ತದೆ. ಮಾಲಿನ್ಯ ತಡೆಗೆ ಈ ನೀತಿ ಅಗತ್ಯವೇ ಸರಿ. ಆದರೆ ಕೆಲವೇ ಸಂಖ್ಯೆಯಲ್ಲಿ ಉಳಿದಿರುವ ಡಾಲ್ಫಿನ್‌ನಂತಹ ಕಾರು 50 ವರ್ಷ ತುಂಬುವ ಮೊದಲೇ ಕಬ್ಬಿಣದ ತೂಕಕ್ಕೆ ಹೋದರೆ, ಕರ್ನಾಟಕದ ಮೋಟಾರು ಚರಿತ್ರೆಯ ಒಂದು ಪುಟವೇ ಇಲ್ಲವಾಗುತ್ತದೆ. ಆ ಅವಧಿಯನ್ನು ದಾಟಿಸುವ ಹೊಣೆ ಇಂದು ಖಾಸಗಿ ಒಡೆಯರ ಮೇಲೆಯೇ ಇದೆ.

ಹೆಸರು ವರ್ಗಾವಣೆ

ಮಾರಾಟವಾದಾಗ ನಮೂನೆ 29 ಮತ್ತು 30ರ ಮೂಲಕ ಹೆಸರು ವರ್ಗಾವಣೆ ಆಗಬೇಕು. ಬೇರೆ ಕಚೇರಿಯ ವ್ಯಾಪ್ತಿಯಿಂದ ಬಂದ ವಾಹನಕ್ಕೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು. ದೆಹಲಿ ರಾಜಧಾನಿ ವಲಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2015ರ ಆದೇಶ ಮತ್ತು ಅದನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ 2018ರ ಆದೇಶದಿಂದ 15 ವರ್ಷ ಮೀರಿದ ಪೆಟ್ರೋಲ್ ಕಾರುಗಳ ಮೇಲೆ ನಿರ್ಬಂಧ ಬಂದ ಮೇಲೆ, ಅಲ್ಲಿನ ಹಳೆಯ ಕಾರುಗಳು ಕಡಿಮೆ ಬೆಲೆಗೆ ದಕ್ಷಿಣಕ್ಕೆ ಬರತೊಡಗಿದವು. ಹೊರರಾಜ್ಯದ ಕಾರಿಗೆ ಕರ್ನಾಟಕದ ಜೀವಿತಾವಧಿ ತೆರಿಗೆಯನ್ನು ಸೇರಿಸಿದಾಗ ಅಗ್ಗವೆಂದು ಕಂಡದ್ದು ಅಗ್ಗವಾಗಿ ಉಳಿಯದೆ ಇರಬಹುದು.

ಹಳ್ಳಿಯ ಮನೆಯ ಕೊಟ್ಟಿಗೆಯಲ್ಲೋ ಗೋದಾಮಿನಲ್ಲೋ ವರ್ಷಗಟ್ಟಲೆ ನಿಂತ ಕಾರುಗಳಲ್ಲಿ ಇನ್ನೊಂದು ತೊಡಕು ಸಾಮಾನ್ಯ. ಆರ್‌ಸಿ ಇನ್ನೂ ತೀರಿಹೋದ ಅಜ್ಜನ ಅಥವಾ ತಂದೆಯ ಹೆಸರಿನಲ್ಲಿರುತ್ತದೆ. ಒಡೆಯ ತೀರಿಕೊಂಡಾಗ ವಾರಸುದಾರರು 30 ದಿನಗಳೊಳಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಸಲ್ಲಿಸಬೇಕೆಂಬುದು ನಿಯಮ. ಹಾಗೆ ಮಾಡದಿದ್ದಲ್ಲಿ ಖರೀದಿದಾರನು ಎಲ್ಲ ವಾರಸುದಾರರ ಒಪ್ಪಿಗೆಯೊಂದಿಗೆ ಮೊದಲು ಅವರಲ್ಲೊಬ್ಬರ ಹೆಸರಿಗೆ ದಾಖಲೆ ಬದಲಾಗುವವರೆಗೆ ಕಾಯುವುದು ಕ್ಷೇಮ. ಒಬ್ಬ ಮಗನ ಸಹಿಯಿಂದ ಕೊಂಡ ಕಾರಿಗೆ ಮುಂದೊಂದು ದಿನ ಮತ್ತೊಬ್ಬರು ಹಕ್ಕು ಕೇಳಬಹುದು.

1989ರಲ್ಲಿ ಕೆಎ ಸಂಕೇತ ಬರುವ ಮುನ್ನ ಮೈಸೂರು ರಾಜ್ಯದ ಕಾಲದ ‘ಎಂವೈ’ ಮೊದಲಾದ ಸರಣಿಗಳಿದ್ದವು. ಆ ಕಾಲದ ದಾಖಲೆಗಳು ಕಾಗದದ ವಹಿಗಳಲ್ಲಿದ್ದು, ಎಲ್ಲವೂ ‘ವಾಹನ್’ ಗಣಕ ವ್ಯವಸ್ಥೆಗೆ ಸೇರಿಲ್ಲ. ಅಂತಹ ಕಾರಿನ ವಿವರವನ್ನು ಕಚೇರಿಯ ವಹಿಯೊಂದಿಗೆ ತಾಳೆ ನೋಡಿ ಗಣಕಕ್ಕೆ ಏರಿಸಿದ ಬಳಿಕವೇ ಮುಂದಿನ ಕೆಲಸ ಸಾಧ್ಯ. ಆದ್ದರಿಂದ ಮುಂಗಡ ಕೊಡುವ ಮೊದಲು ಈ ವಿಚಾರಣೆ ಮುಗಿಯಬೇಕು.

ಖರೀದಿಗೆ ಮುನ್ನ ಪರೀಕ್ಷೆ

ದಾಖಲೆ. ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಕಾರಿನ ಮೇಲಿರುವ ಸಂಖ್ಯೆಗಳೊಂದಿಗೆ ಹೋಲಿಸಬೇಕು. ಕಾಗದವನ್ನಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುವ ಹಳೆಯ ಕ್ರಮ ಇಂದಿಗೂ ನಂಬಲರ್ಹ. ಎಂಜಿನ್ ಬದಲಾಗಿದ್ದರೆ ಆ ಬದಲಾವಣೆ ಆರ್‌ಸಿಯಲ್ಲಿ ನಮೂದಾಗಿರಬೇಕು. ಹಿಂದೊಮ್ಮೆ ಅನೇಕ ಪೆಟ್ರೋಲ್ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸುವ ರೂಢಿಯಿತ್ತು. ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ವಿವರಕ್ಕೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿಷೇಧಿಸುತ್ತದೆ. ಅಂತಹ ಕಾರು ವಿಂಟೇಜ್ ನೋಂದಣಿಗೂ ಅರ್ಹವಾಗುವುದು ಕಷ್ಟ. ಆಮದು ಕಾರಿಗೆ ಸುಂಕ ಇಲಾಖೆಯ ಬಿಲ್ ಆಫ್ ಎಂಟ್ರಿ ಮೂಲ ದಾಖಲೆ. ಸಾಲದ ನಮೂದು ಇದ್ದರೆ ನಮೂನೆ 35ರ ಮೂಲಕ ತೆಗೆಸಿರಬೇಕು.

ಒಡಲು. ಹಗಲು ಬೆಳಕಿನಲ್ಲಿ, ಒಣಗಿದ ಕಾರನ್ನು ನೋಡಬೇಕು. ಹೊಸ ಬಣ್ಣಕ್ಕಿಂತ ಹಳೆಯ ಮಾಸಿದ ಬಣ್ಣ ಹೆಚ್ಚು ಪ್ರಾಮಾಣಿಕ. ತೆಳುಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತ ಉಕ್ಕಿನ ತಗಡಿಗೆ ಅಂಟಿಕೊಳ್ಳುತ್ತದೆ, ಪುಟ್ಟಿ ತುಂಬಿದ ಜಾಗದಲ್ಲಿ ಜಾರುತ್ತದೆ. ಬಾಗಿಲಿನ ತಳ, ಚಕ್ರದ ಕಮಾನು, ಡಿಕ್ಕಿಯ ನೆಲ, ಬ್ಯಾಟರಿ ಇಡುವ ತಟ್ಟೆ, ಮುಂಗಾಜಿನ ಕೆಳಗಿನ ಮೂಲೆ ಇವು ತುಕ್ಕಿನ ನೆಲೆಗಳು. ಹೆರಾಲ್ಡ್‌ನಲ್ಲಿ ಚಾಸಿಯಿಂದ ಪಕ್ಕಕ್ಕೆ ಚಾಚಿರುವ ತೋಳುಗಳನ್ನು ಕೆಳಗಿನಿಂದ ನೋಡಬೇಕು. ಬಾಗಿಲು ಮುಚ್ಚಿದಾಗ ಸುತ್ತಲಿನ ಸಂದು ಒಂದೇ ಅಳತೆಯಲ್ಲಿ ಇರದಿದ್ದರೆ ಅಪಘಾತ ಅಥವಾ ಕೊಳೆತ ಚಾಸಿಯನ್ನು ಶಂಕಿಸಬಹುದು. ಹೆರಾಲ್ಡ್‌ನ ಒಡಲು ಬೋಲ್ಟುಗಳಿಂದ ಜೋಡಿಸಿದ ಭಾಗಗಳದ್ದಾದ್ದರಿಂದ ಅದರಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಸಹಜ.

ಎಂಜಿನ್. ತಣ್ಣಗಿರುವ ಎಂಜಿನ್ನನ್ನೇ ಚಾಲೂ ಮಾಡಿ ನೋಡಬೇಕು. ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಕಾರಣ ಕೇಳಬೇಕು. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ, ಬಿಡದ ಬಿಳಿ ಹೊಗೆ ನೀರು ಒಳಸೇರುತ್ತಿರುವುದರ ಲಕ್ಷಣ. ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಅಳೆಸಿದಾಗ ಅಂಕಿಗಳು ಪರಸ್ಪರ ಹತ್ತಿರವಿರಬೇಕು.

ಸಸ್ಪೆನ್ಷನ್, ಬ್ರೇಕು ಮತ್ತು ಟಯರು. ಹೆರಾಲ್ಡ್‌ನ ಮುಂಚಕ್ರದ ತಿರುಗುಗೂಟಕ್ಕೆ ಗ್ರೀಸಿನ ಬದಲು ಗೇರ್ ಎಣ್ಣೆ ಹಾಕಬೇಕೆಂಬುದು ಹಲವು ಮೆಕ್ಯಾನಿಕರಿಗೆ ತಿಳಿಯದ ಸಂಗತಿ. ಎಣ್ಣೆ ಕಾಣದೆ ಒಣಗಿದ ಗೂಟ ಓಟದಲ್ಲಿಯೇ ಮುರಿಯಬಹುದು. ಅದರ ಹಿಂಚಕ್ರಗಳ ತೂಗು ಅಚ್ಚು ವೇಗದ ತಿರುವಿನಲ್ಲಿ ಹಠಾತ್ತನೆ ಬ್ರೇಕು ಹಾಕಿದರೆ ಕಾರನ್ನು ತಿರುಗಿಸಿಬಿಡುತ್ತದೆ. ಟಯರಿನ ಗೋಡೆಯ ಮೇಲಿನ ನಾಲ್ಕಂಕಿಯ ಸಂಕೇತ ತಯಾರಿಕೆಯ ವಾರ ಮತ್ತು ವರ್ಷವನ್ನು ಹೇಳುತ್ತದೆ. ‘3219’ ಎಂದರೆ 2019ರ 32ನೇ ವಾರ. ಗೀರುಗಳು ಆಳವಾಗಿದ್ದರೂ ಹತ್ತು ವರ್ಷ ಮೀರಿದ ಟಯರನ್ನು ನಂಬಬಾರದು.

ಚಳ್ಳಕೆರೆ–ಮೊಳಕಾಲ್ಮುರು ಪರಿಸರದಲ್ಲಿ ಪಾಲನೆ

ಚಳ್ಳಕೆರೆ ಮತ್ತು ಮೊಳಕಾಲ್ಮುರು ಕರ್ನಾಟಕದ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರುತ್ತವೆ. ಇಲ್ಲಿನ ವಾರ್ಷಿಕ ಮಳೆ 500 ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ, ಮಂಗಳೂರಿನ ಕರಾವಳಿಯಲ್ಲಿ ಅದು 3,000 ಮಿಲಿಮೀಟರನ್ನು ಮೀರುತ್ತದೆ. ಜೊತೆಗೆ ಕರಾವಳಿಯ ಗಾಳಿಯಲ್ಲಿ ಉಪ್ಪಿರುತ್ತದೆ. ಒಂದೇ ವರ್ಷ ತಯಾರಾದ ಎರಡು ಕಾರುಗಳಲ್ಲಿ ಒಂದು ಕರಾವಳಿಯಲ್ಲಿಯೂ ಇನ್ನೊಂದು ಚಳ್ಳಕೆರೆಯಲ್ಲಿಯೂ ಇದ್ದರೆ, ಎರಡನೆಯದರ ತಗಡು ಹೆಚ್ಚು ಗಟ್ಟಿಯಾಗಿ ಉಳಿಯುವ ಸಂಭವವಿದೆ. ರೈತರು ಶಾಪವೆಂದು ಭಾವಿಸುವ ಬರಗಾಳಿ ಉಕ್ಕಿನ ಪಾಲಿಗೆ ರಕ್ಷಣೆ. ಹಳೆಯ ಕಾರನ್ನು ಹುಡುಕುವವರು ಒಳನಾಡಿನ ಒಣ ಊರುಗಳತ್ತ ಬರುವುದಕ್ಕೆ ಇದು ಸಕಾರಣ.

ಆದರೆ ಒಣ ಹವೆ ಬೇರೆ ಭಾಗಗಳಿಗೆ ಹಾನಿ ಮಾಡುತ್ತದೆ.

- ಬಿಸಿಲು. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿಯ ಹತ್ತಿರ ಹೋಗುತ್ತದೆ. ಬಾಗಿಲಿನ ರಬ್ಬರು, ನೀರಿನ ಕೊಳವೆ, ಡ್ಯಾಶ್‌ಬೋರ್ಡು, ಆಸನದ ಹೊದಿಕೆ ಒಣಗಿ ಬಿರಿಯುತ್ತವೆ. ತಗಡಿನ ಚಾವಣಿಯ ಕೆಳಗಿಗಿಂತ ಕಲ್ಲುಚಪ್ಪಡಿ ಅಥವಾ ಹೆಂಚಿನ ಚಾವಣಿಯ ಕೆಳಗೆ ಕಾರು ತಂಪಾಗಿರುತ್ತದೆ.
- ನೀರು. ಈ ಭಾಗದ ಕೊಳವೆಬಾವಿಗಳ ನೀರು ಗಡುಸು. ಅದನ್ನು ರೇಡಿಯೇಟರಿಗೆ ಸುರಿದರೆ ಸುಣ್ಣದ ಪೊರೆ ಕಟ್ಟಿ, ಎಂಜಿನ್ ಕಾಯ್ದು ಹೋಗುತ್ತದೆ. ಬಟ್ಟಿ ಇಳಿಸಿದ ನೀರು ಮತ್ತು ಕೂಲಂಟ್ ಮಿಶ್ರಣವನ್ನೇ ಬಳಸಬೇಕು.
- ಧೂಳು. ಗಾಳಿಯ ದಿನಗಳ ಕೆಂಧೂಳು ಕಾರ್ಬುರೇಟರಿನೊಳಗೆ ಸೇರಿದರೆ ಸಿಲಿಂಡರು ಸವೆಯುತ್ತದೆ. ಏರ್ ಫಿಲ್ಟರನ್ನು ಕೈಪಿಡಿ ಹೇಳುವುದಕ್ಕಿಂತ ಬೇಗ ಶುಚಿಗೊಳಿಸಬೇಕು.
- ಮುಳ್ಳು. ರಸ್ತೆಯ ಇಕ್ಕೆಲಗಳ ಬಳ್ಳಾರಿ ಜಾಲಿಯ ಮುಳ್ಳು ಹಳೆಯ ಟ್ಯೂಬ್ ಟಯರುಗಳಿಗೆ ಶತ್ರು. ಹೆಚ್ಚುವರಿ ಟ್ಯೂಬು ಡಿಕ್ಕಿಯಲ್ಲಿರಬೇಕು.
- ಇಲಿ. ಶೇಂಗಾ ದಾಸ್ತಾನಿನ ಬಳಿ ನಿಲ್ಲಿಸಿದ ಕಾರಿನ ವೈರಿಂಗನ್ನು ಇಲಿಗಳು ಕಡಿಯುತ್ತವೆ. ತಿಂಗಳಿಗೊಮ್ಮೆ ಬಾನೆಟ್ ತೆರೆದು ನೋಡುವುದು ಅಗತ್ಯ.

ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಗಿರಣಿಯ ಯಂತ್ರ, ಕೊಳವೆಬಾವಿಯ ಪಂಪು ಮತ್ತು ಟ್ರ್ಯಾಕ್ಟರುಗಳ ರಿಪೇರಿ ನಡೆಯುವ ಊರುಗಳಲ್ಲಿ ಲೇತ್ ಕೆಲಸಗಾರರ ಕೌಶಲ ಉಳಿದಿರುತ್ತದೆ. ಸವೆದ ಬುಷ್, ಪಿನ್ನು, ಸ್ಪೇಸರುಗಳನ್ನು ಮಾದರಿ ಕೊಟ್ಟರೆ ಅವರು ಕಡೆದು ಕೊಡಬಲ್ಲರು. ಬ್ರೇಕು ಮತ್ತು ಸ್ಟೀರಿಂಗಿನ ಭಾಗಗಳನ್ನು ಮಾತ್ರ ಹೀಗೆ ಮಾಡಿಸಬಾರದು, ಗುಣಮಟ್ಟ ಗೊತ್ತಿರುವ ತಯಾರಿಕೆಯನ್ನೇ ತರಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆ ಹೊಸ ಬಿಡಿಭಾಗಗಳಿಗೂ ಶಿವಾಜಿನಗರದ ಗುಜರಿ ಬಳಸಿದ ಭಾಗಗಳಿಗೂ ಹೆಸರಾದ ಮಾರುಕಟ್ಟೆಗಳು. ಚಳ್ಳಕೆರೆಯಿಂದ ಅಲ್ಲಿಗೆ ಸುಮಾರು 200 ಕಿಲೋಮೀಟರು.

ಬಳ್ಳಾರಿಯಿಂದ ರಾಂಪುರ, ತಳಕು, ಚಳ್ಳಕೆರೆಗಳ ಮೂಲಕ ಹಿರಿಯೂರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ ನೇರವಾಗಿದ್ದು, ಭಾರಿ ಲಾರಿಗಳ ಸಂಚಾರ ಹೊಂದಿದೆ. ಸಣ್ಣ ಎಂಜಿನ್ನು, ಬಲಹೀನ ಬ್ರೇಕು ಮತ್ತು ಮಂದ ದೀಪಗಳ ಹಳೆಯ ಕಾರಿಗೆ ಇಲ್ಲಿ ರಾತ್ರಿ ಪ್ರಯಾಣ ಹಿತವಲ್ಲ. ಬೆಳಗಿನ ತಂಪಿನಲ್ಲಿ, ಒಳರಸ್ತೆಗಳಲ್ಲಿ ಓಡಿಸುವುದು ಕಾರಿಗೂ ಚಾಲಕನಿಗೂ ಒಳ್ಳೆಯದು.

ದೈನಂದಿನ ನಿರ್ವಹಣೆ

ಹಳೆಯ ಕಾರು ಓಡಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಹೆಚ್ಚು. ಹದಿನೈದು ದಿನಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿದರೆ ಬ್ರೇಕು ಹಿಡಿದುಕೊಳ್ಳುವುದಿಲ್ಲ, ಸೀಲುಗಳು ಒಣಗುವುದಿಲ್ಲ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಇಂಧನದ ಬದಲಾವಣೆ ಈಚಿನ ಮುಖ್ಯ ಸಮಸ್ಯೆ. ಭಾರತದಲ್ಲಿ ಸೀಸಯುಕ್ತ ಪೆಟ್ರೋಲಿನ ಮಾರಾಟ 2000ದ ಫೆಬ್ರವರಿಯಲ್ಲಿ ನಿಂತಿತು. ಸೀಸ ಹಳೆಯ ಎಂಜಿನ್ನುಗಳ ಕವಾಟದ ಪೀಠವನ್ನು ಸವೆತದಿಂದ ಕಾಪಾಡುತ್ತಿತ್ತು. ಆದ್ದರಿಂದ ಎಂಜಿನ್ ಬಿಚ್ಚಿದಾಗ ಗಟ್ಟಿ ಉಕ್ಕಿನ ಪೀಠಗಳನ್ನು ಕೂರಿಸುವುದು ರೂಢಿ. 2023ರಿಂದ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಹಂತಹಂತವಾಗಿ ಬಂಕುಗಳಿಗೆ ಬಂದಿದೆ. ಎಥನಾಲ್ ಹಳೆಯ ರಬ್ಬರನ್ನು ಮೆದುಗೊಳಿಸುತ್ತದೆ ಮತ್ತು ತೇವವನ್ನು ಹೀರಿ ಟ್ಯಾಂಕಿನಲ್ಲಿ ತುಕ್ಕು ಹಿಡಿಸುತ್ತದೆ. ಇಂಧನ ಕೊಳವೆ, ಪಂಪಿನ ಪೊರೆ ಮತ್ತು ಕಾರ್ಬುರೇಟರಿನ ಸೀಲುಗಳನ್ನು ಎಥನಾಲ್ ತಾಳುವ ವಸ್ತುವಿನವಕ್ಕೆ ಬದಲಿಸಬೇಕು. ಸೋರುವ ಹಳೆಯ ಕೊಳವೆ ಬೆಂಕಿ ಅನಾಹುತಕ್ಕೆ ದಾರಿ. ಕಾರಿನಲ್ಲಿ ಚಿಕ್ಕ ಅಗ್ನಿಶಾಮಕವೊಂದು ಇರಲೇಬೇಕು.

ಹೊಗೆ ಪರೀಕ್ಷೆಯಲ್ಲಿ ಭಾರತ್ ಹಂತ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಇಂಗಾಲದ ಮಾನಾಕ್ಸೈಡ್ ಶೇಕಡಾ 3ರ ಮಿತಿ ಇದೆ. ಸರಿಯಾಗಿ ಹೊಂದಿಸಿದ ಕಾರ್ಬುರೇಟರ್ ಈ ಮಿತಿಯೊಳಗೆ ಬರಬಲ್ಲದು.

ವೆಚ್ಚ ಮತ್ತು ವಿಮೆ

ಖರೀದಿ ಬೆಲೆ ಒಡೆತನದ ಮೊದಲ ಕಂತು ಮಾತ್ರ. ದಾಖಲೆ ಸರಿಪಡಿಸುವುದು, ಟಯರು, ಬ್ರೇಕು, ವೈರಿಂಗು, ಇಂಧನ ವ್ಯವಸ್ಥೆ ಇವು ಯಾವ ಹಳೆಯ ಕಾರಿಗಾದರೂ ಮೊದಲ ವರ್ಷ ಬರುವ ಖರ್ಚುಗಳು. ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿಯದೆ, ಗಣನೀಯ ಭಾಗವನ್ನು ಇವುಗಳಿಗಾಗಿ ತೆಗೆದಿಡುವುದು ವಿವೇಕ. ಪೂರ್ತಿ ಕೆಟ್ಟ ಕಾರನ್ನು ಅಗ್ಗಕ್ಕೆ ಕೊಂಡು ಹೊಸದಾಗಿಸುವುದಕ್ಕಿಂತ, ಸುಸ್ಥಿತಿಯಲ್ಲಿರುವ ಕಾರನ್ನು ಹೆಚ್ಚು ಬೆಲೆಗೆ ಕೊಳ್ಳುವುದು ಕೊನೆಯಲ್ಲಿ ಕಡಿಮೆ ಖರ್ಚಿನ ದಾರಿಯಾಗುತ್ತದೆ.

ಕಾಯ್ದೆಯ 146ನೇ ಕಲಂ ಪ್ರಕಾರ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. ಸ್ವಂತ ಹಾನಿಯ ವಿಮೆಯಲ್ಲಿ ಕಾರಿನ ಮೌಲ್ಯ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಆದರೆ ಕ್ಲಾಸಿಕ್ ಕಾರಿನ ನಿಜವಾದ ಬೆಲೆ ಏರುತ್ತಿರಬಹುದು. ಐದು ವರ್ಷ ಮೀರಿದ ವಾಹನದ ಮೌಲ್ಯವನ್ನು ವಿಮಾ ಕಂಪನಿ ಮತ್ತು ಒಡೆಯ ಮಾತುಕತೆಯಿಂದ ನಿಗದಿಪಡಿಸಿಕೊಳ್ಳಬಹುದು. ಇದಕ್ಕೆ ಛಾಯಾಚಿತ್ರ, ದುರಸ್ತಿ ರಸೀದಿ ಮತ್ತು ಮೌಲ್ಯಮಾಪಕರ ವರದಿಯನ್ನು ಜೋಡಿಸಿಟ್ಟುಕೊಂಡಿರಬೇಕು.

ಸಂರಕ್ಷಣೆಯ ವಿವೇಚನೆ

ಹಳೆಯ ಕಾರನ್ನು ‘ಹೊಸದರಂತೆ’ ಮಾಡುವುದೇ ಸಂರಕ್ಷಣೆಯೆಂಬ ಭಾವನೆ ವ್ಯಾಪಕ. ಫೀವಾ ಅಂಗೀಕರಿಸಿರುವ ಟ್ಯೂರಿನ್ ಸನ್ನದು ಬೇರೆ ದೃಷ್ಟಿಯನ್ನು ಮುಂದಿಡುತ್ತದೆ. ಮೂಲದ ಬಣ್ಣ, ಬಟ್ಟೆ, ಗಾಜು ಉಳಿದಿದ್ದರೆ ಅವನ್ನು ಉಳಿಸಿಕೊಳ್ಳುವುದು ಮೊದಲ ಆಯ್ಕೆ. ಅದು ಸಾಧ್ಯವಾಗದಲ್ಲಿ ಮಾತ್ರ ಜೀರ್ಣೋದ್ಧಾರ. ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ದಾಖಲಿಸಬೇಕು. ತೆಗೆದ ಮೂಲ ಭಾಗವನ್ನು ಗುಜರಿಗೆ ಹಾಕದೆ ಎತ್ತಿಡಬೇಕು.

ಕರ್ನಾಟಕದಲ್ಲಿ ಧರ್ಮಸ್ಥಳದ ಕಾರು ಸಂಗ್ರಹಾಲಯ ಸಾರ್ವಜನಿಕರು ಹಳೆಯ ಕಾರುಗಳನ್ನು ಹತ್ತಿರದಿಂದ ನೋಡಬಹುದಾದ ಸ್ಥಳ. ಬೆಂಗಳೂರಿನಲ್ಲಿ ಹಳೆಯ ವಾಹನಗಳ ಒಡೆಯರ ಕ್ಲಬ್ಬುಗಳಿದ್ದು, ರ‍್ಯಾಲಿ ಮತ್ತು ಪ್ರದರ್ಶನಗಳನ್ನು ನಡೆಸುತ್ತವೆ. ಹೊಸ ಖರೀದಿದಾರನಿಗೆ ಇವುಗಳಿಂದ ಆಗುವ ಮುಖ್ಯ ಲಾಭವೆಂದರೆ ತಾನು ಕೊಳ್ಳಬೇಕೆಂದಿರುವ ಮಾದರಿಯನ್ನು ಈಗಾಗಲೇ ಹೊಂದಿರುವವರ ಪರಿಚಯ. ಆ ಮಾದರಿಯಲ್ಲಿ ಯಾವುದು ಬೇಗ ಕೆಡುತ್ತದೆ, ಯಾವುದು ಎಲ್ಲಿ ಸಿಗುತ್ತದೆ ಎಂಬುದನ್ನು ಅವರಿಂದ ತಿಳಿಯಬಹುದು.

ಕಾರ್ಬುರೇಟರ್ ಹೊಂದಿಸುವುದು, ಡೈನಮೊ ಸುತ್ತುವುದು, ತಗಡನ್ನು ಬಡಿದು ಆಕಾರಕ್ಕೆ ತರುವುದು ಬಲ್ಲ ಮೆಕ್ಯಾನಿಕರು ಮತ್ತು ಟಿಂಕರಿಂಗ್ ಕೆಲಸಗಾರರು ವಯಸ್ಸಾದವರು. ಹೊಸ ತಲೆಮಾರು ಗಣಕ ನಿಯಂತ್ರಿತ ಎಂಜಿನ್ನುಗಳನ್ನು ಕಲಿತು ಬರುತ್ತಿದೆ. ಕಾರು ಉಳಿದರೂ ಅದನ್ನು ಬಲ್ಲ ಕೈಗಳು ಉಳಿಯದಿದ್ದರೆ ಅದು ಚಲಿಸದ ವಸ್ತುವಾಗುತ್ತದೆ. ಆದ್ದರಿಂದ ದುರಸ್ತಿಯ ವೇಳೆ ಜೊತೆಗಿದ್ದು, ಬಿಚ್ಚಿದ ಕ್ರಮವನ್ನು ಚಿತ್ರಸಹಿತ ಬರೆದಿಟ್ಟು, ಆ ವಹಿಯನ್ನು ಆರ್‌ಸಿ ಮತ್ತು ರಸೀದಿಗಳೊಂದಿಗೆ ಮುಂದಿನ ಒಡೆಯನಿಗೆ ಒಪ್ಪಿಸುವುದೂ ಒಡೆತನದ ಭಾಗವೇ ಆಗಿದೆ.